ಬಯಲುಸೀಮೆಯ ಶೇಂಗಾ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮಳೆ ಕಡಿಮೆ. ಅಲ್ಲಿನ ಕೆಂಪು ನೆಲದಲ್ಲಿ ರೈತನು ನೆಚ್ಚಿಕೊಂಡ ಬೆಳೆಯೆಂದರೆ ಶೇಂಗಾ. ಎಣ್ಣೆ ಗಿರಣಿಗಳ ದೆಸೆಯಿಂದ ಚಳ್ಳಕೆರೆಗೆ ಎಣ್ಣೆಯ ನಗರವೆಂಬ ಹೆಸರೂ ಬಂದಿತು. ಆದರೆ ಶೇಂಗಾ ಬರಿಯ ಎಣ್ಣೆಯ ಕಾಳಲ್ಲ. ಸೋಯಾ ಅವರೆಯಂತೆ ಇದೂ ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ್ದು. ಹಳದಿ ಹೂವು ಬಾಡಿದ ಬಳಿಕ ಅದರ ಬುಡದಿಂದ ಸೂಜಿಯಂಥ ಕಡ್ಡಿಯೊಂದು ಬಾಗಿ, ಮಣ್ಣನ್ನು ಹೊಕ್ಕು, ಕತ್ತಲಲ್ಲಿ ಕಾಯಾಗುತ್ತದೆ.

ನೂರು ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ಕೊಬ್ಬು ಸುಮಾರು 40 ಗ್ರಾಂ. ಎಣ್ಣೆ ತೆಗೆದ ಹಿಂಡಿಯಲ್ಲಿ ಸಸಾರಜನಕದ ಪ್ರಮಾಣ ಇನ್ನೂ ಹೆಚ್ಚು. ಅದು ದನಗಳ ಪಾಲಾಗುವುದೇ ರೂಢಿ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಈ ರೂಢಿಗೆ ಕಟ್ಟುಬೀಳಲಿಲ್ಲ. ಶುದ್ಧವಾದ ಶೇಂಗಾ ಹಿಟ್ಟು ಮೂರು ಪಾಲು, ಕಡಲೆ ಹಿಟ್ಟು ಒಂದು ಪಾಲು ಬೆರೆಸಿ, ಜೀವಸತ್ವಗಳನ್ನೂ ಕೂಡಿಸಿ, ಮಕ್ಕಳಿಗೆ ಪುಷ್ಟಿಕರವಾದ ಆಹಾರವನ್ನು ಸಿದ್ಧಪಡಿಸಿದರು.

ಇದಕ್ಕೊಂದು ಶತ್ರುವೂ ಉಂಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಅವು ತಿಂದಿದ್ದ ಶೇಂಗಾ ಹಿಂಡಿಯಲ್ಲಿ ಬೂಷ್ಟಿನ ವಿಷವಿತ್ತು. ಅಫ್ಲಟಾಕ್ಸಿನ್ ಎಂಬ ಆ ವಿಷವು ಮನುಷ್ಯನ ಯಕೃತ್ತನ್ನೂ ಕೆಡಿಸುತ್ತದೆ. ಹುರಿದರೂ ಪೂರ್ತಿಯಾಗಿ ನಾಶವಾಗದು. ಒಳ್ಳೆಯ ಕಾಳನ್ನೆಲ್ಲ ಪೇಟೆಗೆ ಕಳುಹಿಸಿ, ಮುಗ್ಗಿದ್ದನ್ನು ಮನೆಗೆ ಉಳಿಸಿಕೊಳ್ಳುವ ಮಿತವ್ಯಯ ಮಿತವ್ಯಯವೇ ಅಲ್ಲ. ಕಿತ್ತ ಕಾಯನ್ನು ಚೆನ್ನಾಗಿ ಒಣಗಿಸಬೇಕು; ಆ ಸೀಮೆಯಲ್ಲಿ ಬಿಸಿಲಿಗೇನೂ ಬರವಿಲ್ಲ! ಒಣಗಿದ ಕಾಯಿ ಮಳೆಗೆ ನೆನೆಯದಂತೆ, ಚೀಲಕ್ಕೆ ನೆಲದ ತೇವ ತಗಲದಂತೆ ನೋಡಿಕೊಂಡರೆ, ಜೋಳದ ರೊಟ್ಟಿಯ ಮಗ್ಗುಲಿಗೆ ಬೀಳುವ ಚಟ್ನಿಪುಡಿಗೂ ಒಳ್ಳೆಯ ಕಾಳೇ ಒದಗುತ್ತದೆ.