ಎರಡು ಶಾಲೆಗಳ ಒಡಹುಟ್ಟಿದವರು

2009ರ ಶಿಕ್ಷಣ ಹಕ್ಕು ಕಾಯ್ದೆಯ ಶೇಕಡ 25ರ ಮೀಸಲಿನಲ್ಲಿ, ಲಾಟರಿಯ ಕೃಪೆಯಿಂದ ಹಿರಿಯ ಮಗುವಿಗೆ ಖಾಸಗಿ ಶಾಲೆ ದೊರೆತು, ಕಿರಿಯದು ಊರಿನ ಸರ್ಕಾರಿ ಶಾಲೆಗೆ ಹೋಗುವಂತಾದ ಮನೆಗಳಲ್ಲಿ, ನೆಂಟರಿಷ್ಟರ ಮುಂದೆ ಒಂದರ ಇಂಗ್ಲಿಷನ್ನು ಪ್ರಶಂಸಿಸಿ ಮತ್ತೊಂದರ ಶಾಲೆಯ ಹೆಸರನ್ನೇ ನುಂಗಿಕೊಳ್ಳುವ ಅಭ್ಯಾಸವು ತಂದೆತಾಯಿಗಳಿಗೆ ಅರಿವಿಲ್ಲದೆಯೇ ಅಂಟಿಕೊಳ್ಳುವುದುಂಟು. ದಯವಿಟ್ಟು ಅದನ್ನು ಬಿಡಿರಿ. ಲಾಟರಿಯು ಯಾವ ಮಗುವಿನ ಯೋಗ್ಯತೆಯನ್ನೂ ಅಳೆಯಲಾರದು. ಸಮವಸ್ತ್ರ, ಪಠ್ಯಪುಸ್ತಕಗಳು ಸರ್ಕಾರದಿಂದಲೇ ಬರುವುವೆಂದು ಕಿರಿಯದಕ್ಕೆ ಏನನ್ನೂ ಕೊಳ್ಳದೆ ಇರಬೇಡಿರಿ. ಶಾಲೆ ತೆರೆಯುವ ಕಾಲಕ್ಕೆ ಅದಕ್ಕೂ ಹೊಸದೊಂದು ಬಣ್ಣದ ಪೆಟ್ಟಿಗೆಯಾದರೂ ಇರಲಿ. ದಸರಾ ರಜೆಯ ದಿನಗಳು ಎರಡೂ ಕಡೆ ಭಿನ್ನವಾಗಬಹುದಾದ ಕಾರಣ, ಒಂದೇ ಕ್ಯಾಲೆಂಡರಿನಲ್ಲಿ ಗುರುತಿಸಿಕೊಂಡ ಮೇಲೆಯೇ ಅಜ್ಜಿಯ ಊರಿಗೆ ಹೊರಡುವ ದಿನವನ್ನು ನಿಶ್ಚಯಿಸಿರಿ. ಪೋಷಕರ ಸಭೆಗಳು ಒಂದೇ ದಿನ ಬಿದ್ದರೆ ದಂಪತಿಗಳು ಹಂಚಿಕೊಂಡು ಹೋಗಿರಿ. ಪ್ರತಿಸಲವೂ ತಂದೆ ಖಾಸಗಿ ಶಾಲೆಗೇ ಎಂಬ ಕಟ್ಟಳೆ ಮಾತ್ರ ಬೇಡ.