ಪಾಸಿದೆಯೆಂದು ದಿನವಿಡೀ ರೈಲಲ್ಲೇ ಕೂರಬೇಡ

ಜರ್ಮನಿಗೆ ಓದಲು ಹೊರಟಿರುವ ನಮ್ಮ ಜಡೆ ಊರಿನ ಹುಡುಗಿಗೆ,

ಕಾಲೇಜಿನ ವಿಷಯಕ್ಕಿಂತ ಹೆಚ್ಚಾಗಿ ನೀನು ಕೇಳಿದ್ದು ರೈಲಿನ ವಿಷಯ. ಒಂದು ಪಾಸ್ ತಗೊಂಡರೆ ಯುರೋಪೆಲ್ಲಾ ಸುತ್ತಬಹುದಂತೆ, ಹೌದಾ ಅಂದೆ. ಸೊರಬ ಸೀಮೆಯವರಿಗೆ ಈ ಆಸೆ ಹುಟ್ಟದೆ ಇದ್ದರೇ ಆಶ್ಚರ್ಯ. ರೈಲು ಹತ್ತಬೇಕೆಂದರೆ ನಾವು ಸಾಗರಕ್ಕೋ ತಾಳಗುಪ್ಪಕ್ಕೋ ಹಾವೇರಿಗೋ ಮೊದಲು ಬಸ್ ಹಿಡಿಯಬೇಕು. ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ಮಾರ್ಗದ ಕೆಲಸ ಇನ್ನೂ ನಡೆಯುತ್ತಲೇ ಇದೆ.

ಸುತ್ತಬಹುದು, ಹೌದು. ಆದರೆ ಯಾವ ಪಾಸು ಅನ್ನುವುದನ್ನು ಮೊದಲು ತಿಳಿದುಕೋ. ಯುರೇಲ್ ಅನ್ನುವುದು 1959ರಲ್ಲಿ 13 ದೇಶಗಳು ಸೇರಿ ಶುರುಮಾಡಿದ್ದು. ಈಗ 33 ದೇಶಗಳಲ್ಲಿ ನಡೆಯುತ್ತದೆ. ಅದು ಯುರೋಪಿನ ಹೊರಗೆ ವಾಸಿಸುವವರಿಗೆ. ನೀನು ಜರ್ಮನಿಯಲ್ಲಿ ವಾಸದ ಪರವಾನಗಿ ಪಡೆದು ನೆಲೆಸಿದ ಮೇಲೆ ನಿನಗೆ ಸಲ್ಲುವುದು ಇಂಟರ್‌ರೇಲ್. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೂ ಅಷ್ಟೇ. ವಾಸ ಎಲ್ಲಿ ಅನ್ನುವುದೇ ಲೆಕ್ಕ. ಇಂಟರ್‌ರೇಲಿನಲ್ಲಿ ಒಂದು ಕೊಕ್ಕೆ ಇದೆ: ವಾಸವಿರುವ ದೇಶದೊಳಗೆ ಅದು ನಡೆಯುವುದು ಹೊರಗೆ ಹೊರಟ ಒಂದು ದಿನ, ಮರಳುವ ಒಂದು ದಿನ ಮಾತ್ರ. ಜರ್ಮನಿಯನ್ನೇ ಸುತ್ತಲು ಅದನ್ನು ಕೊಂಡರೆ ದುಡ್ಡು ದಂಡ. ಮುಂದೆ ಅಪ್ಪ ಅಮ್ಮ ಬಂದರೆ ಅವರು ಕೊಳ್ಳಬೇಕಾದ್ದು ಯುರೇಲೇ. 60 ದಾಟಿದವರಿಗೆ ಸ್ವಲ್ಪ ರಿಯಾಯಿತಿಯೂ ಇದೆ. 27ರವರೆಗೆ ನಿನಗೆ ಯುವಕರ ದರ.

ಇನ್ನು ಈ ಪಾಸುಗಳಿಗೆ ಅಂಟಿಕೊಂಡಿರುವ ‘ಅನಿಯಮಿತ’ ಅನ್ನುವ ಮಾತು. 2023ರ ಜೂನ್ 11ರಿಂದ ನಿನ್ನಮ್ಮನಿಗೂ ಅನಿಯಮಿತ ಪಾಸೇ ಇದೆಯಲ್ಲ, ಶಕ್ತಿ ಯೋಜನೆಯದು. ಬಸ್ ಬಿಟ್ಟಿಯೆಂದು ಯಾವ ಹೆಂಗಸೂ ದಿನವಿಡೀ ಬಸ್ಸಲ್ಲೇ ಕೂತಿಲ್ಲ. ಧರ್ಮಸ್ಥಳಕ್ಕೆ ಹೋದರು, ತವರಿಗೆ ಹೋದರು, ಆಸ್ಪತ್ರೆಗೆ ಹೋದರು. ಬಿಟ್ಟಿಯಾದರೂ ಕಂಡಕ್ಟರಿಂದ ಶೂನ್ಯ ದರದ ಚೀಟಿ ಕೇಳಿ ಪಡೆಯಲೇಬೇಕು. ನಮ್ಮ ಕಡೆ ಜಾಸ್ತಿ ಓಡುವ ಖಾಸಗಿ ಬಸ್ಸಿನಲ್ಲಿ ಅದು ನಡೆಯುವುದೂ ಇಲ್ಲ. ಯುರೋಪಿನ ಪಾಸಿನ ಸ್ವಭಾವವೂ ಥೇಟ್ ಇದೇ. ರೈಲು ಹತ್ತುವ ಮೊದಲು ಮೊಬೈಲ್ ಆ್ಯಪಿನಲ್ಲಿ ಆ ರೈಲನ್ನು ಪಾಸಿಗೆ ಸೇರಿಸಬೇಕು. ಆಮೇಲೆ ಬರುವ ಕ್ಯೂಆರ್ ಕೋಡನ್ನು ಪರೀಕ್ಷಕ ಕೇಳುತ್ತಾನೆ, ಪಾಸ್‌ಪೋರ್ಟನ್ನೂ ಕೇಳಬಹುದು. ಹೊರಡುವ ಗಳಿಗೆಯಲ್ಲಿ ಚಾರ್ಜ್ ಮುಗಿದರೆ ಗತಿಯಿಲ್ಲ, ಒಂದು ಪವರ್ ಬ್ಯಾಂಕ್ ಇಟ್ಟುಕೋ. ಫ್ರಾನ್ಸಿನ ಟಿಜಿವಿ, ಇಟಲಿಯ ವೇಗದ ರೈಲು, ಯೂರೋಸ್ಟಾರ್, ರಾತ್ರಿ ರೈಲು, ಇವಕ್ಕೆಲ್ಲ ಪಾಸಿದ್ದರೂ ಸೀಟಿಗೆ ಬೇರೆ ಹಣ. ಪಾಸಿನವರಿಗೆಂದು ಯೂರೋಸ್ಟಾರಿನಂಥ ರೈಲುಗಳಲ್ಲಿ ಇಟ್ಟಿರುವ ಸೀಟುಗಳೂ ಕಡಿಮೆ. ಜರ್ಮನಿಯೊಳಗಿನ ವೇಗದ ರೈಲು ಐಸಿಇಗೆ ಆ ಕಾಟವಿಲ್ಲ. ಲಂಡನ್ನಿಗೆ ಪಾಸ್ ನಡೆಯುತ್ತದೆ, ನಿನ್ನ ಜರ್ಮನ್ ಪರವಾನಗಿ ನಡೆಯುವುದಿಲ್ಲ. ಬ್ರಿಟನ್ನಿಗೆ ವೀಸಾ ಬೇರೆಯೇ ಮಾಡಿಸಬೇಕು.

ಹಾಗಾಗಿ ತಿಂಗಳಿಡೀ ಸತತ ಓಡುವ ಪಾಸು ನಿನಗೆ ಬೇಡ ಅಂತ ನನ್ನ ಅಭಿಪ್ರಾಯ. ಒಂದು ತಿಂಗಳೊಳಗೆ ಬೇಕಾದ 7 ದಿನ ಓಡಾಡುವಂಥದ್ದಿದೆ, ಅದು ಸಾಕು. ದಿನವೆಂದರೆ ನಡುರಾತ್ರಿಯಿಂದ ನಡುರಾತ್ರಿಗೆ. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದರೆ, ಇಳಿದ ದಿನ ಬೇರೆ ರೈಲು ಹತ್ತದಿದ್ದರೆ, ಹೊರಟ ದಿನವಷ್ಟೇ ಲೆಕ್ಕಕ್ಕೆ. ಪಾಸಿನ ಬೆಲೆಯನ್ನು ಏಳರಿಂದ ಭಾಗಿಸು. ಆ ದಿನದ ಬಿಡಿ ಟಿಕೆಟ್ ಅದಕ್ಕಿಂತ ಕಡಿಮೆಯಿದ್ದರೆ ಟಿಕೆಟ್ಟನ್ನೇ ತಗೋ, ಪಾಸಿನ ದಿನ ಉಳಿಸು. ಮುಂಚೆ ಕಾದಿರಿಸಿದವರಿಗೆ ಬಿಡಿ ಟಿಕೆಟ್ ಎಷ್ಟೋ ಸಲ ಅಗ್ಗ. ಪಾಸು ಕೊಡುವ ನಿಜವಾದ ಸುಖ ಬೇರೆ: ವಿಯೆನ್ನಾಕ್ಕೆಂದು ಹೊರಟು ಸಾಲ್ಜ್‌ಬರ್ಗ್ ಚೆನ್ನಾಗಿ ಕಂಡರೆ ಅಲ್ಲೇ ಇಳಿದುಬಿಡಬಹುದು. ಕೊಟ್ಟ ದುಡ್ಡು ವಸೂಲಾಗಬೇಕೆಂದು ದಿನಕ್ಕೊಂದು ದೇಶ ಮುಗಿಸುವವರಿಗೆ ಈ ಸುಖ ಸಿಗುವುದಿಲ್ಲ. ಅವರು ಕಾಣುವುದು ಬರೀ ಸ್ಟೇಷನ್ನು, ಅದರ ಎದುರಿನ ಹೋಟೆಲು.

ಪಾಸು ಯಾವಾಗಲೂ ಲಾಭವೆಂದು ಜಪಾನಿನ ರೈಲು ಪಾಸನ್ನು ಹೊಗಳುವ ಹಳೆಯ ಬರಹಗಳನ್ನೂ ನಂಬಬೇಡ. 2023ರ ಅಕ್ಟೋಬರಿನಲ್ಲಿ 7 ದಿನದ ಸಾಮಾನ್ಯ ಪಾಸು 29,650 ಯೆನ್ನಿಂದ 50,000ಕ್ಕೆ ಹಾರಿತು. ಟೋಕಿಯೋ–ಕ್ಯೋಟೋ ಹೋಗಿಬರಲು ಬಿಡಿ ಟಿಕೆಟ್ 28,000 ಯೆನ್ನಿನ ಆಸುಪಾಸು. ಮೊದಲು ಅದೊಂದರಲ್ಲೇ ಪಾಸಿನ ದುಡ್ಡು ಹೆಚ್ಚುಕಡಿಮೆ ಗಿಟ್ಟುತ್ತಿತ್ತು, ಈಗ ಇಲ್ಲ. ನಮ್ಮ ದೇಶವೂ ವಿದೇಶಿಯರಿಗೂ ಅನಿವಾಸಿಗಳಿಗೂ ಇಂಡ್‌ರೇಲ್ ಪಾಸ್ ಕೊಡುತ್ತಿತ್ತು, 2017ರಲ್ಲಿ ನಿಲ್ಲಿಸಿತು.

ನಿನ್ನ ದಿನನಿತ್ಯದ ಓಡಾಟಕ್ಕೆ, ನನ್ನನ್ನು ಕೇಳಿದರೆ, ಇವೆಲ್ಲಕ್ಕಿಂತ ದೊಡ್ಡ ಪಾಸು ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇನಲ್ಲಿ 49 ಯೂರೋಗೆ ಶುರುವಾಯಿತು, 2026ಕ್ಕೆ 63 ಆಗಿದೆ. ತಿಂಗಳಿಡೀ ಜರ್ಮನಿಯ ಊರೊಳಗಿನ ಬಸ್ಸು, ಟ್ರಾಮು, ಪ್ರಾದೇಶಿಕ ರೈಲು ಎಲ್ಲ ಅದರಲ್ಲೇ. ಐಸಿಇಯಂಥ ದೂರದ ರೈಲು ಮಾತ್ರ ಹತ್ತುವಂತಿಲ್ಲ. ನಿಧಾನದ ರೈಲಾದರೆ ಆಗಲಿ, ಅವಲಕ್ಕಿ ಚಟ್ನಿಪುಡಿ ಕಟ್ಟಿಕೊಂಡು ಕಿಟಕಿ ಪಕ್ಕ ಕೂತುಕೋ. ಅನೇಕ ವಿಶ್ವವಿದ್ಯಾಲಯಗಳು ಇದನ್ನು ಸೆಮಿಸ್ಟರ್ ಶುಲ್ಕದಲ್ಲೇ ಸೇರಿಸಿರುತ್ತವೆ. ಮೊದಲು ಅಲ್ಲಿ ವಿಚಾರಿಸು, ಎರಡೆರಡು ಸಲ ದುಡ್ಡು ಕಟ್ಟಬೇಡ. ನೀನೇ ಕೊಂಡಿದ್ದರೆ ಅದು ತಿಂಗಳ ಚಂದಾ; ಬೇಡವಾದರೆ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ತಪ್ಪಿದರೆ ಮುಂದಿನ ತಿಂಗಳದ್ದೂ ಖಾತೆಯಿಂದ ಹೋಗುತ್ತದೆ, ನೀನು ರಜೆಗೆ ಜಡೆಯಲ್ಲಿ ಕೂತಿದ್ದರೂ.

ಇಂತಿ,
ನಿನ್ನ ದೊಡ್ಡಪ್ಪ