ಅಂಗಿಯ ಲೇಬಲ್ಲಿಗೂ ಹಾಸ್ಟೆಲಿನ ಗೇಟಿಗೂ ಇರುವ ನಂಟು

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್‌ಗಳಲ್ಲಿ ಹೊಲಿದ ಅಂಗಿ ಲಂಡನ್ನಿನ, ಬರ್ಲಿನ್ನಿನ ಅಂಗಡಿ ಸೇರುತ್ತದೆ. ಹೊಲಿಯಲು ಒಡಿಶಾ, ಜಾರ್ಖಂಡ್‌ಗಳಿಂದಲೂ ಹುಡುಗಿಯರು ರೈಲು ಹತ್ತಿ ಬರುತ್ತಾರೆ. ನಾಲ್ಕು ಕಾಸು ಮನೆಗೆ ಕಳಿಸುವ ಆಸೆಯಿಂದ ಬರುವವರು ಅವರು. ಆದರೆ ಏಜೆಂಟ್ ಹೇಳಿದ ಸಂಬಳ ಒಂದು, ಕೈಗೆ ಬಂದದ್ದು ಇನ್ನೊಂದಾಗಿ, ಆಧಾರ್ ಕಾರ್ಡು ಯಾರದೋ ಬೀರುವಿನಲ್ಲಿ ಸೇರಿ, ಹಾಸ್ಟೆಲಿನ ಗೇಟು ದಾಟಲು ಅಪ್ಪಣೆ ಬೇಕೆಂದಾದರೆ ಅದು ಬರೀ ಕಷ್ಟದ ನೌಕರಿಯಲ್ಲ. ವಂಚನೆ, ದಾಖಲೆ ಕಸಿದುಕೊಳ್ಳುವುದು, ಓಡಾಟಕ್ಕೆ ತಡೆ ಇವೆಲ್ಲ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಗುರುತಿಸಿರುವ ಬಲವಂತದ ದುಡಿಮೆಯ 11 ಲಕ್ಷಣಗಳಲ್ಲಿ ಸೇರಿವೆ.

‘ಅವಳೇ ಒಪ್ಪಿ ಬಂದಳಲ್ಲ’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಪ್ರಕಾರ ಬೆದರಿಸಿ, ವಂಚಿಸಿ ಅಥವಾ ಆಮಿಷ ಒಡ್ಡಿ ಶೋಷಣೆಗಾಗಿ ಕರೆತರುವುದು, ಇರಿಸಿಕೊಳ್ಳುವುದು ಮಾನವ ಕಳ್ಳಸಾಗಣೆ. ನೊಂದವರ ಒಪ್ಪಿಗೆ ಅಲ್ಲಿ ಲೆಕ್ಕಕ್ಕಿಲ್ಲ. ಶಿಕ್ಷೆ ಕನಿಷ್ಠ 7 ವರ್ಷ. 18 ತುಂಬದವರಾದರೆ ಕನಿಷ್ಠ 10 ವರ್ಷ.

ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೂ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ದೆಹಲಿಯ ಏಷ್ಯಾಡ್ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿತು. ಈ ಮಾತಿನ ತೂಕ ಗೊತ್ತಾಗಲು ಕರ್ನಾಟಕದ್ದೇ ಒಂದು ಪ್ರಸಂಗ ನೋಡಬೇಕು. ಕನಿಷ್ಠ ವೇತನದ ಭಾಗವಾಗಿ 2020ರ ಏಪ್ರಿಲ್‌ನಲ್ಲಿ ಏರಬೇಕಿದ್ದ ತುಟ್ಟಿಭತ್ಯೆಯನ್ನು, ತಿಂಗಳಿಗೆ ಸುಮಾರು 417 ರೂಪಾಯಿಯನ್ನು, ರಾಜ್ಯದ ಬಹುಪಾಲು ಗಾರ್ಮೆಂಟ್ಸ್‌ಗಳು ಕೊಡಲೇ ಇಲ್ಲ. ಕೊಡಬೇಕೆಂದು ಹೈಕೋರ್ಟ್ ಹೇಳಿದ ಮೇಲೂ ಹಣ ಬರಲಿಲ್ಲ. ಕಾರ್ಮಿಕ ಸಂಘಟನೆಗಳು ವಿಷಯವನ್ನು ವಿದೇಶಿ ಬ್ರಾಂಡ್‌ಗಳ ಬಾಗಿಲಿಗೆ ಒಯ್ದು, ಅಲ್ಲಿಂದ ಒತ್ತಡ ಬಂದ ನಂತರ ಬಾಕಿ ಪಾವತಿ ಶುರುವಾಯಿತು. ಕೊಳ್ಳುವ ಕಂಪನಿ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ, ಅಲ್ಲಿಯವರೆಗೆ ಮಾಡಿರಲಿಲ್ಲ ಎಂಬುದಕ್ಕೂ ಇದೇ ಸಾಕ್ಷಿ.

ಈ ಕಂಪನಿಗಳನ್ನು ಕಟ್ಟಿಹಾಕುವ ಕಾನೂನು ಅವುಗಳ ತವರಿನಲ್ಲಿದೆ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ ದೊಡ್ಡ ಕಂಪನಿಗಳಿಂದ ವರ್ಷಕ್ಕೊಂದು ಹೇಳಿಕೆ ಕೇಳುತ್ತದೆ. ಏನೂ ಮಾಡಿಲ್ಲ ಎಂದು ಬರೆದರೂ ನಡೆಯುವಷ್ಟು ಸಡಿಲ ಅದು. 2023ರಲ್ಲಿ ಜಾರಿಗೆ ಬಂದ ಜರ್ಮನಿಯ ಕಾಯ್ದೆ ಹೆಚ್ಚು ಗಟ್ಟಿ: ಸರಕು ಪೂರೈಸುವ ಕಾರ್ಖಾನೆಯ ಕಾರ್ಮಿಕರೂ ದೂರು ಕೊಡಬಹುದಾದ ವ್ಯವಸ್ಥೆಯನ್ನು ಕಂಪನಿ ಇಡಲೇಬೇಕು.

ಹೀಗೆ ಸಿಕ್ಕಿಬಿದ್ದವರು ಇಲ್ಲಿ ಮೊದಲು ಮಾಡಬೇಕಾದದ್ದು 112ಕ್ಕೆ ಕರೆ, ಮಕ್ಕಳಾದರೆ 1098ಕ್ಕೆ. ಘಟನೆ ಎಲ್ಲೇ ನಡೆದಿರಲಿ, ಯಾವುದೇ ಠಾಣೆ ದೂರು ದಾಖಲಿಸಿಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮುಂಗಡ ಸಾಲದ ನೆಪದಲ್ಲಿ ಹಿಡಿದಿಟ್ಟಿದ್ದರೆ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಅದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಂತೆ ಸಾಲ ಕೊಟ್ಟವನದು. ಮಹಿಳೆಯರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ಅದಕ್ಕಾಗಿ 15100ಕ್ಕೆ ಕರೆ ಮಾಡಬೇಕು.

ಅರ್ಜಿಯಲ್ಲಿ ಏಜೆಂಟಿನ, ಕಾರ್ಖಾನೆಯ ಹೆಸರಿನ ಜೊತೆಗೆ ತಾನು ಹೊಲಿಯುತ್ತಿದ್ದ ಬಟ್ಟೆಯ ಲೇಬಲ್ಲಿನಲ್ಲಿದ್ದ ಹೆಸರನ್ನೂ ಬರೆಸಬೇಕು. ಅದರದೊಂದು ಪ್ರತಿ ಆ ಬ್ರಾಂಡಿಗೂ ಹೋಗಲಿ.